ಒಬ್ಬರದೇ ಎರಡು ಮಂಡಿ, ಎರಡು ಬಗೆಯ ಬಾಗು: ಒಂದು ಪ್ರಕರಣ ಅಧ್ಯಯನ

ರೋಗಿಯ ಮತ್ತು ಅವರ ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಅಳತೆಗಳನ್ನೂ ಘಟನೆಗಳ ಅನುಕ್ರಮವನ್ನೂ ಬದಲಿಸಿಲ್ಲ. ನಾನು ಫಿಸಿಯೋಥೆರಪಿಸ್ಟ್, ಶಸ್ತ್ರಚಿಕಿತ್ಸಕನಲ್ಲ. ಹಾಗಾಗಿ ಈ ಎರಡು ಮಂಡಿ ಬದಲಿ ಶಸ್ತ್ರಕ್ರಿಯೆಗಳಲ್ಲಿ ಆಪರೇಷನ್ ಥಿಯೇಟರಿನ ಒಳಗೆ ನಡೆದದ್ದನ್ನು ಶಸ್ತ್ರಚಿಕಿತ್ಸಕರ ಟಿಪ್ಪಣಿಗಳಿಂದ ಮತ್ತು ಅವರೊಡನೆ ನಡೆದ ಮಾತುಕತೆಯಿಂದ ಎತ್ತಿಕೊಂಡಿದ್ದೇನೆ. ವಾರ್ಡಿನಲ್ಲೂ ಮನೆಯಲ್ಲೂ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದರಲ್ಲಿ ನನ್ನ ಪಾಲಿನ ತಪ್ಪೂ ಇದೆ.

ಹಿನ್ನೆಲೆ

ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಮಗ, ಸೊಸೆಯರ ಜೊತೆ ಇರುವ, ಕುಂದಾಪುರದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದ 67 ವರ್ಷದ ಮಹಿಳೆಯ ಪ್ರಕರಣವಿದು. ನಾನು ಅವರನ್ನು ಮೊದಲ ದಿನದಿಂದಲೂ ಅಮ್ಮ ಎಂದೇ ಕರೆದದ್ದು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಗಂಡ ಹೋಟೆಲಿನಲ್ಲಿ ಕೆಲಸಕ್ಕಿದ್ದು ತೀರಿಕೊಂಡವರು. ಅಮ್ಮ ಸುಮಾರು 30 ವರ್ಷ ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ಕೊಡುತ್ತಿದ್ದರು. ಬೆಳಗಿನ ನಾಲ್ಕಕ್ಕೆ ಎದ್ದು, ನೆಲದ ಮೇಲೆ ಒಂದು ಕಾಲು ಮಡಿಸಿ, ಇನ್ನೊಂದು ಪಾದದಿಂದ ಮೆಟ್ಟುಕತ್ತಿಯ ಹಲಗೆಯನ್ನು ಒತ್ತಿ ಹಿಡಿದು ತರಕಾರಿ ಹೆಚ್ಚುವುದು ಅವರ ದಿನದ ಆರಂಭ. ಮಂಡಿ ಹಾಳಾದದ್ದು ಹಾಗೆ ಕುಳಿತೇ ಎಂದು ಮಗ ಹೇಳುತ್ತಾನೆ. ನಾನು ಅಷ್ಟು ಖಚಿತವಾಗಿ ಹೇಳಲಾರೆ. ಸಂಧಿವಾತಕ್ಕೆ ವಯಸ್ಸು, ತೂಕ, ವಂಶ ಎಲ್ಲವೂ ಕೂಡಿಕೊಳ್ಳುತ್ತವೆ. ತೂಕ 74 ಕಿಲೋ ಇತ್ತು, 14 ವರ್ಷದಿಂದ ಸಕ್ಕರೆ ಕಾಯಿಲೆಯಿತ್ತು.

ಅವರ ಎರಡು ಕಾಲುಗಳು ಒಂದೇ ರೀತಿ ಬಾಗಿರಲಿಲ್ಲ. ಎಡ ಮಂಡಿ ಹೊರಕ್ಕೆ ಬಾಗಿ ಕಾಲು ಬಿಲ್ಲಿನಂತಾಗಿತ್ತು. ವೈದ್ಯರು ಇದನ್ನು ವೇರಸ್ ಎನ್ನುತ್ತಾರೆ, ನಮ್ಮಲ್ಲಿ ಮಂಡಿನೋವಿನವರ ಪೈಕಿ ಹೆಚ್ಚಾಗಿ ಕಾಣುವುದು ಇದೇ. ಬಲ ಮಂಡಿ ಒಳಕ್ಕೆ ಬಾಗಿತ್ತು, ಅದು ವ್ಯಾಲ್ಗಸ್. ಒಂದು ಹೊರಕ್ಕೆ, ಇನ್ನೊಂದು ಒಳಕ್ಕೆ ಎಂದರೆ ಎದುರಿಗೆ ನಿಂತು ನೋಡಿದವರಿಗೆ ಎರಡು ಮಂಡಿಗಳೂ ಒಂದೇ ಕಡೆಗೆ ವಾಲಿದಂತೆ ಕಾಣುತ್ತದೆ. ಕಡಲ ಬದಿಯಲ್ಲಿ ಗಾಳಿ ಹೊಡೆದು ಒಂದೇ ದಿಕ್ಕಿಗೆ ಬಾಗಿದ ತೆಂಗಿನ ಮರಗಳ ಹಾಗೆ. ವೈದ್ಯಕೀಯದಲ್ಲಿ ಇದಕ್ಕಿರುವ ಹೆಸರೂ ಗಾಳಿಯದೇ, ವಿಂಡ್‌ಸ್ವೆಪ್ಟ್. ನಿಲ್ಲಿಸಿ ಸೊಂಟದಿಂದ ಪಾದದವರೆಗೆ ತೆಗೆದ ಉದ್ದ ಎಕ್ಸ್‌ರೇಯಲ್ಲಿ ಎಡಗಾಲಿನ ವೇರಸ್ 18 ಡಿಗ್ರಿ, ಬಲಗಾಲಿನ ವ್ಯಾಲ್ಗಸ್ 16 ಡಿಗ್ರಿ ಬಂದಿತ್ತು. ಇದರ ಮೇಲೆ ಎರಡು ಮಂಡಿಗಳೂ ಪೂರ್ತಿ ಚಾಚಲಾಗದೆ ಮಡಿಕೆಯಲ್ಲೇ ಬಿಗಿದುಕೊಂಡಿದ್ದವು: ಎಡಕ್ಕೆ 10 ಡಿಗ್ರಿ, ಬಲಕ್ಕೆ 20 ಡಿಗ್ರಿ.

ಡಿಗ್ರಿಗಳ ಲೆಕ್ಕ ಏಕೆ ಮುಖ್ಯ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಸೊಂಟದ ಕೀಲಿನ ನಡುವಿನಿಂದ ಹಿಮ್ಮಡಿ ಗಂಟಿನ ನಡುವಿಗೆ ಒಂದು ಗೆರೆ ಎಳೆದರೆ, ನೆಟ್ಟಗಿರುವ ಕಾಲಿನಲ್ಲಿ ಅದು ಮಂಡಿಯ ನಡುಭಾಗದ ಹತ್ತಿರವೇ ಹಾದುಹೋಗುತ್ತದೆ. ವೇರಸ್‌ನಲ್ಲಿ ಆ ಗೆರೆ ಒಳಬದಿಗೆ ಸರಿದು ಮೈಭಾರವೆಲ್ಲ ಮಂಡಿಯ ಒಳ ಅರ್ಧದ ಮೇಲೆ ಬೀಳುತ್ತದೆ. ಅಲ್ಲಿ ಮೆದುಮೂಳೆ ಸವೆಯುತ್ತದೆ, ಆಮೇಲೆ ಮೂಳೆಯೇ ಸವೆಯುತ್ತದೆ, ಸವೆದಷ್ಟೂ ಬಾಗು ಹೆಚ್ಚಿ ಭಾರ ಇನ್ನಷ್ಟು ಅಲ್ಲೇ ಕೂರುತ್ತದೆ. ಇದರ ಜೊತೆಗೆ ಮೂಳೆಗಳನ್ನು ಬಂಧಿಸಿಡುವ ಕಟ್ಟುಗಳು (ಲಿಗಮೆಂಟ್) ಒಂದು ಬದಿಯಲ್ಲಿ ಮೊಟಕಾಗಿ ಬಿಗಿದುಕೊಳ್ಳುತ್ತವೆ, ಎದುರು ಬದಿಯವು ಹಿಗ್ಗಿ ಸಡಿಲಾಗುತ್ತವೆ. ನಮ್ಮ ಜನ ಮಂಡಿಚಿಪ್ಪು ಬದಲಿಸುವುದು ಎನ್ನುತ್ತಾರೆ; ಚಿಪ್ಪು ಬಹುಪಾಲು ತನ್ನ ಜಾಗದಲ್ಲೇ ಉಳಿಯುತ್ತದೆ, ತೊಡೆಮೂಳೆಯ ಮತ್ತು ಕೆಳಗಾಲಿನ ಮೂಳೆಯ ಸವೆದ ತುದಿಗಳನ್ನು ಅಳತೆಯಂತೆ ಕತ್ತರಿಸಿ ಲೋಹದ ಹೊದಿಕೆ ಹಾಕಿ ನಡುವೆ ಪಾಲಿಎಥಿಲೀನ್ ತಟ್ಟೆ ಕೂರಿಸುವುದು ನಿಜವಾದ ಕೆಲಸ. ಬಾಗಿದ ಮಂಡಿಯಲ್ಲಿ ಆ ಕತ್ತರಿಸುವ ಕೆಲಸಕ್ಕಿಂತ, ಬಿಗಿದ ಕಟ್ಟುಗಳನ್ನು ಎಷ್ಟು ಬಿಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ ಹೆಚ್ಚು ಕಷ್ಟದ್ದು.

ಯಾವ ಕಾಲು ಮೊದಲು

ಅಮ್ಮನನ್ನು ಮೊದಲು ನೋಡಿದ ವೈದ್ಯರು ಎರಡು ಮಂಡಿಗಳನ್ನೂ ಒಂದೇ ಸಲಕ್ಕೆ ಮಾಡಿ ಮುಗಿಸಬಹುದು ಎಂದಿದ್ದರು. ಮಗನಿಗೂ ಅದೇ ಹಿಡಿಸಿತ್ತು. ಒಂದೇ ರಜೆ, ಒಂದೇ ಆಸ್ಪತ್ರೆವಾಸ, ಮೂರು ಮಹಡಿ ಕುರ್ಚಿಯಲ್ಲಿ ಹೊತ್ತು ಇಳಿಸಿ ಹತ್ತಿಸುವ ಕಷ್ಟವೂ ಒಂದೇ ಸಲ. ಎರಡನೆಯ ಅಭಿಪ್ರಾಯಕ್ಕೆಂದು ಹೋದ ಶಸ್ತ್ರಚಿಕಿತ್ಸಕರು ಇದಕ್ಕೆ ಒಪ್ಪಲಿಲ್ಲ. ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.6 ಇತ್ತು; ಅದು ಇಳಿಯುವ ತನಕ ಸೋಂಕಿನ ಭಯದಿಂದ ಒಂದು ಮಂಡಿಯನ್ನೂ ಮುಟ್ಟುವುದಿಲ್ಲ ಎಂದರು. ಇಳಿದ ಮೇಲೂ ಎರಡನ್ನು ಬೇರೆ ಬೇರೆಯಾಗಿಯೇ ಮಾಡೋಣ, ಈ ಎರಡು ಮಂಡಿಗಳು ಎರಡು ಬೇರೆ ಆಪರೇಷನ್‌ಗಳು ಎಂಬುದು ಅವರ ಮಾತು. ಈ ಮಾತಿನ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಎರಡನೆಯ ಆಪರೇಷನ್ ಆದ ಮೇಲೆ.

ಹಣದ ಮಾತೂ ಬಂತು. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿದಾಗ ಸಾಮಾನ್ಯವಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ₹54,720 ಎಂದು ಮಿತಿ ಹಾಕಿತ್ತು, ತೆರಿಗೆ ಬೇರೆ. ಮಗ ಆ ಸುದ್ದಿಯನ್ನು ನೆನಪಿಟ್ಟುಕೊಂಡಿದ್ದ, ಆಸ್ಪತ್ರೆ ಕೊಟ್ಟ ಅಂದಾಜು ಅದಕ್ಕೆ ಏಕೆ ಹೊಂದುವುದಿಲ್ಲ ಎಂದು ಕೇಳಿದ. ಬಾಗು ಹೆಚ್ಚಿರುವ ಮಂಡಿಯಲ್ಲಿ ಮೂಳೆ ಸವೆದ ಗುಂಡಿ ತುಂಬಲು ತಿರುಪು, ಆಧಾರಕ್ಕೆ ಕಾಂಡದಂಥ ಸ್ಟೆಮ್, ಕಟ್ಟುಗಳು ಸಡಿಲವಾಗಿದ್ದರೆ ಹೆಚ್ಚು ಹಿಡಿತ ಕೊಡುವ ಬೇರೆಯೇ ಮಾದರಿ ಬೇಕಾಗಬಹುದು, ಅವೆಲ್ಲ ಪ್ಯಾಕೇಜಿನ ಹೊರಗೆ ಎಂದು ಶಸ್ತ್ರಚಿಕಿತ್ಸಕರು ಕಾಗದದ ಮೇಲೆ ಬರೆದು ತೋರಿಸಿದರು. ಬಿಲ್ಲು ಬಂದಾಗ ಜಗಳವಾಗಲಿಲ್ಲ. ಬರೆದು ತೋರಿಸದ ಕಡೆ ಆಗುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಎಡಗಾಲನ್ನು ಮೊದಲು ಆರಿಸಿದರು. ನೋವು ಹೆಚ್ಚಿದ್ದದ್ದು ಅದರಲ್ಲೇ, ವೇರಸ್ ಮಂಡಿಯನ್ನು ನೇರ ಮಾಡುವುದು ಹೆಚ್ಚು ಪಳಗಿದ ದಾರಿ, ಮತ್ತು ಒಂದು ಗಟ್ಟಿ ಕಾಲು ಸಿಕ್ಕರೆ ಮುಂದಿನ ಕಠಿಣ ಕಾಲಿಗೆ ಅದೇ ಆಸರೆ. ಇದು ಸರಿಯಾದ ತೀರ್ಮಾನವೆಂದು ನನಗೆ ಈಗಲೂ ಅನಿಸುತ್ತದೆ.

ಎಡಗಾಲು

ಎಚ್‌ಬಿಎ1ಸಿ 7.2ಕ್ಕೆ ಇಳಿದ ಮೇಲೆ ಮಾರ್ಚ್‌ನಲ್ಲಿ ಮೊದಲ ಶಸ್ತ್ರಕ್ರಿಯೆ ನಡೆಯಿತು. ಒಳಬದಿಯ ಮೂಳೆಮುಳ್ಳುಗಳನ್ನು ತೆಗೆದು, ಬಿಗಿದ ಕಟ್ಟನ್ನು ಹಂತ ಹಂತವಾಗಿ ಬಿಡಿಸಿ, ಕೆಳಗಾಲಿನ ಮೂಳೆಯ ಒಳ ಅಂಚಿನಲ್ಲಿ ಉಳಿದ ಸುಮಾರು 6 ಮಿಲಿಮೀಟರ್ ಗುಂಡಿಯನ್ನು ಎರಡು ತಿರುಪು ಮತ್ತು ಸಿಮೆಂಟಿನಿಂದ ತುಂಬಿ, ಕೆಳಗೆ ಚಿಕ್ಕ ಸ್ಟೆಮ್ ಇಟ್ಟರು. ಮರುದಿನವೇ ವಾಕರ್ ಹಿಡಿದು ನಿಲ್ಲಿಸಿದೆ. ಐದನೆಯ ದಿನ ಮನೆಗೆ ಕಳಿಸುವಾಗ ಮಂಡಿ ಪೂರ್ತಿ ಚಾಚಲು 5 ಡಿಗ್ರಿ ಮಾತ್ರ ಕಡಿಮೆಯಿತ್ತು.

ಹನ್ನೆರಡನೆಯ ದಿನ ಮನೆಗೆ ಹೋಗಿ, ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ಅಳೆದೆ. 12 ಡಿಗ್ರಿ. ಮೊದಲು ನನ್ನ ಅಳತೆಯೇ ತಪ್ಪಿರಬೇಕು ಎಂದುಕೊಂಡು ಇನ್ನೊಮ್ಮೆ ಅಳೆದೆ, ಅಷ್ಟೇ ಬಂತು. ಆಗ ಹಾಸಿಗೆಯ ಕಡೆ ನೋಡಿದರೆ ಮಂಡಿಯ ಅಡಿಗೆಂದು ನಾಲ್ಕು ಮಡಿಕೆ ಹಾಕಿದ ಕೌದಿ, ಅದರ ಮೇಲೊಂದು ದಿಂಬು. ಮಂಡಿ ಸ್ವಲ್ಪ ಮಡಿಸಿದರೆ ಕೀಲಿನೊಳಗಿನ ಒತ್ತಡ ಇಳಿದು ನೋವು ಕಡಿಮೆಯಾಗುತ್ತದೆ. ರಾತ್ರಿ ಅಮ್ಮ ನರಳುವುದನ್ನು ಕೇಳಲಾರದೆ ಸೊಸೆ ಪ್ರೀತಿಯಿಂದ ಇಟ್ಟದ್ದು ಅದು. ಆದರೆ ಆಪರೇಷನ್ ಆದ ಮೊದಲ ವಾರಗಳಲ್ಲಿ ಮಂಡಿ ಎಲ್ಲಿ ವಿಶ್ರಮಿಸುತ್ತದೆಯೋ ಅಲ್ಲಿಗೇ ಹೆಪ್ಪುಗಟ್ಟುತ್ತದೆ. ಮೊದಲೇ ಬಿಗಿದಿದ್ದ ಮಂಡಿಗೆ ಹಳೆಯ ಜಾಗಕ್ಕೆ ಮರಳಲು ಒಂದು ದಿಂಬು ಸಾಕು. ದಿಂಬನ್ನು ತೆಗೆಸಿ, ಹಿಮ್ಮಡಿಯ ಅಡಿಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ಗಾಳಿಯಲ್ಲಿ ಬಿಟ್ಟು ತನ್ನ ಭಾರಕ್ಕೆ ತಾನೇ ನೇರವಾಗುವಂತೆ ಮಾಡಿದೆವು. ಗಂಟೆಗೊಮ್ಮೆ ಹತ್ತು ನಿಮಿಷ. ಆರು ವಾರಕ್ಕೆ ಕೊರತೆ 3 ಡಿಗ್ರಿಗೆ ಇಳಿಯಿತು, ಮಂಡಿ ಮಡಿಯುವ ಕೋನ 105 ಡಿಗ್ರಿಗೆ ಏರಿತು.

ಆ ದಿನ ಸೊಸೆಗೆ ನಾನು ಸ್ವಲ್ಪ ಗಡುಸಾಗಿಯೇ ಹೇಳಿದ್ದೆ: ಮಂಡಿಯ ಕೆಳಗೆ ದಿಂಬು ಇಟ್ಟರೆ ಆಪರೇಷನ್ ಮಾಡಿಸಿದ್ದೇ ದಂಡ, ಯಾರು ಹೇಳಿದರೂ ಇಡಬೇಡಿ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ನಡುವಿನ ಆರು ತಿಂಗಳಲ್ಲಿ ಒಂದು ಚಿಕ್ಕ ಫಜೀತಿಯಾಯಿತು. ಎಡಗಾಲು ನೇರವಾದದ್ದರಿಂದ ಅದು ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದವಾದಂತಾಗಿ, ಬಾಗಿಯೇ ಉಳಿದ ಬಲಗಾಲು ಗಿಡ್ಡವೆನಿಸತೊಡಗಿತು. ಹೊಸ ಮಂಡಿಯಲ್ಲೇ ದೋಷವಿದೆ ಎಂದು ಅಮ್ಮ ಕೊರಗುತ್ತಿದ್ದರು. ಸ್ಟೇಷನ್ ಹೊರಗಿನ ಚಮ್ಮಾರನಿಂದ ಬಲಗಾಲಿನ ಚಪ್ಪಲಿಗೆ ಒಂದು ಸೆಂಟಿಮೀಟರ್ ರಬ್ಬರ್ ಅಟ್ಟೆ ಅಂಟಿಸಿದ ಮೇಲೆ ನಡಿಗೆಯ ಕುಂಟು ಅರ್ಧಕ್ಕರ್ಧ ಹೋಯಿತು.

ಬಲಗಾಲು

ಎರಡನೆಯ ಶಸ್ತ್ರಕ್ರಿಯೆ ಚೌತಿ ಕಳೆದ ಮೇಲೆ ನಡೆಯಿತು. ವ್ಯಾಲ್ಗಸ್ ಮಂಡಿಯಲ್ಲಿ ಹೊರಬದಿ ಬಿಗಿದಿರುತ್ತದೆ, ತೊಡೆಮೂಳೆಯ ಹೊರ ಉಬ್ಬು ಸವೆದೋ ಮೊದಲಿನಿಂದಲೇ ಚಿಕ್ಕದಾಗಿಯೋ ಇರುತ್ತದೆ. ಆ ಉಬ್ಬನ್ನು ನಂಬಿ ಅಳತೆ ತೆಗೆದುಕೊಂಡರೆ ಇಂಪ್ಲಾಂಟ್ ಒಳಕ್ಕೆ ತಿರುಗಿ ಕೂರುತ್ತದೆ, ಚಿಪ್ಪು ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸಕರು ತೊಡೆಮೂಳೆಯ ಬೇರೆ ಗುರುತುಗಳನ್ನು ಆಧರಿಸಿ ತಿರುವನ್ನು ನಿಶ್ಚಯಿಸಿದರು. ಭಾರತದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ ಚಿತ್ತರಂಜನ್ ರಾಣಾವತ್ ಅವರು ಪ್ರಚಾರಕ್ಕೆ ತಂದ ಕ್ರಮದಂತೆ, ಕೀಲಿನ ಒಳಗಿನಿಂದಲೇ ಹಿಂಬದಿ-ಹೊರಬದಿಯ ಪೊರೆಯನ್ನು ಬಿಡಿಸಿ, ಹೊರಬದಿಯ ಬಿಗಿದ ಪಟ್ಟಿಯಲ್ಲಿ ಚೂರಿಯ ಮೊನೆಯಿಂದ ಅಲ್ಲಲ್ಲಿ ಸಣ್ಣ ಗೀರು ಹಾಕಿ ಹಿಗ್ಗಿಸಿದರು. ಹೆಚ್ಚು ಹಿಡಿತದ ಇಂಪ್ಲಾಂಟ್ ಮೇಜಿನ ಪಕ್ಕದಲ್ಲೇ ಸಿದ್ಧವಿತ್ತು, ಬೇಕಾಗಲಿಲ್ಲ. ಮುಗಿಸುವಾಗ ಕಾಲು ಎರಡೂ ದಿಕ್ಕಿನಲ್ಲಿ ಪೂರ್ತಿ ನೆಟ್ಟಗಾಗಿತ್ತು. 16 ಡಿಗ್ರಿ ವ್ಯಾಲ್ಗಸ್, 20 ಡಿಗ್ರಿ ಮಡಿಕೆಬಿಗಿತ, ಎರಡೂ ಒಂದೇ ಮಧ್ಯಾಹ್ನದಲ್ಲಿ ಹೋಗಿದ್ದವು.

ಮಂಡಿಯ ಹೊರಬದಿಯಲ್ಲಿ, ಕೆಳಗಾಲಿನ ತೆಳುಮೂಳೆಯ ತಲೆಯನ್ನು ಬಳಸಿಕೊಂಡು ಪೆರೋನಿಯಲ್ ಎಂಬ ನರ ಚರ್ಮದ ಸನಿಹದಲ್ಲೇ ಇಳಿಯುತ್ತದೆ. ಪಾದವನ್ನೂ ಬೆರಳುಗಳನ್ನೂ ಮೇಲಕ್ಕೆತ್ತುವ ಸ್ನಾಯುಗಳಿಗೆ ಆಜ್ಞೆ ಹೋಗುವುದು ಇದರ ಮೂಲಕ. ಒಳಕ್ಕೆ ಬಾಗಿ ಮಡಿದುಕೊಂಡಿದ್ದ ಮಂಡಿಯಲ್ಲಿ ಈ ನರ ವರ್ಷಗಟ್ಟಲೆ ಗಿಡ್ಡ ದಾರಿಯಲ್ಲಿ ನೆಮ್ಮದಿಯಾಗಿ ಕೂತಿರುತ್ತದೆ. ಕಾಲನ್ನು ಒಮ್ಮೆಲೇ ನೆಟ್ಟಗೆ ಮಾಡಿದಾಗ ಅದು ಜಗ್ಗಿದ ದಾರದಂತಾಗುತ್ತದೆ. ವ್ಯಾಲ್ಗಸ್ ಮತ್ತು ಮಡಿಕೆಬಿಗಿತ ಎರಡೂ ಕೂಡಿದ ಮಂಡಿಯಲ್ಲಿ ಈ ಅಪಾಯ ಹೆಚ್ಚೆಂಬುದು ಪಠ್ಯಪುಸ್ತಕದ ಮಾತು, ನನಗೂ ಗೊತ್ತಿತ್ತು.

ಆ ರಾತ್ರಿಯ ಚಾರ್ಟಿನಲ್ಲಿ ನರ್ಸ್ ಬರೆದದ್ದು: ಬೆರಳುಗಳು ಆಡುತ್ತಿವೆ. ಬೆಳಿಗ್ಗೆ ಆರಕ್ಕೆ ಮತ್ತೆ ಅದೇ. ಒಂಬತ್ತಕ್ಕೆ ನಾನು ಅಮ್ಮನನ್ನು ನಿಲ್ಲಿಸಲೆಂದು ಹೋದೆ. ಪಾದ ಆಡಿಸಿ ಎಂದಾಗ ಅವರು ಬೆರಳುಗಳನ್ನು ಕೆಳಕ್ಕೆ ಮಡಚಿ ತೋರಿಸಿದರು, ನಾನೂ ಸರಿ ಎಂದು ವಾಕರ್ ಎಳೆದುಕೊಳ್ಳಲು ಹೊರಟವನೇ. ಆದರೆ ಮಡಚಿದ ಬೆರಳುಗಳು ಮರಳಿದ ರೀತಿ ಸರಿ ಕಾಣಲಿಲ್ಲ. ಅವು ಮೇಲೆ ಏಳಲಿಲ್ಲ, ಬಿಗಿ ಬಿಟ್ಟು ಸುಮ್ಮನೆ ಬಿದ್ದವು. ಹೆಬ್ಬೆರಳನ್ನು ಮೂಗಿನ ಕಡೆಗೆ ಎತ್ತಿ ಎಂದೆ. ಅಮ್ಮ ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ ಪ್ರಯತ್ನಿಸಿದರು. ಎಡಗಾಲಿನ ಹೆಬ್ಬೆರಳು ಎದ್ದಿತು, ಬಲಗಾಲಿನದು ಅಲ್ಲಾಡಲಿಲ್ಲ. ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವಿನ ಸಂದಿಯನ್ನು ಹತ್ತಿಯಿಂದ ಸವರಿದರೆ ಏನೂ ಗೊತ್ತಾಗುತ್ತಿಲ್ಲ ಎಂದರು. ಬೆರಳನ್ನು ಕೆಳಕ್ಕೆ ಮಡಚುವುದು ಬೇರೆಯೇ ನರದ ಕೆಲಸ. ರಾತ್ರಿಯಿಡೀ ಬರೆದ ಟಿಪ್ಪಣಿಗಳಲ್ಲಿ ಸುಳ್ಳಿರಲಿಲ್ಲ. ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಅರಿವಳಿಕೆಯ ಮಂಪರು ಇನ್ನೂ ಬಿಟ್ಟಿಲ್ಲವೇನೋ, ಸಂಜೆಯವರೆಗೆ ನೋಡೋಣ ಎಂದು ಕಿರಿಯ ವೈದ್ಯರೊಬ್ಬರು ಹೇಳಿದರು. ಬೆನ್ನಿಗೆ ಕೊಟ್ಟ ಚುಚ್ಚುಮದ್ದು ಎಡಗಾಲಿನಲ್ಲಿ ಪೂರ್ತಿ ಇಳಿದಿದ್ದು ಬಲಗಾಲಿನ ಒಂದೇ ನರದಲ್ಲಿ ಉಳಿಯುವುದಿಲ್ಲ ಎಂದು ನಾನು ಶಸ್ತ್ರಚಿಕಿತ್ಸಕರಿಗೆ ನೇರವಾಗಿ ಫೋನ್ ಮಾಡಿದೆ. ಅವರು ಇಪ್ಪತ್ತು ನಿಮಿಷದಲ್ಲಿ ಬಂದರು. ಬಿಗಿ ಬ್ಯಾಂಡೇಜನ್ನು ಉದ್ದಕ್ಕೂ ಕತ್ತರಿಸಿ ಸಡಿಲಿಸಿದರು, ನರದ ಮೇಲಿನ ಜಗ್ಗು ಇಳಿಯಲೆಂದು ಮಂಡಿಯನ್ನು 30 ಡಿಗ್ರಿಯಷ್ಟು ಮಡಿಸಿ ಅಡಿಗೆ ಎರಡು ದಿಂಬು ಇರಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು, ಆದದ್ದೇನು ಎಂದು ಅಮ್ಮನಿಗೂ ಫೋನಿನಲ್ಲಿ ಮಗನಿಗೂ ತಾವೇ ಹೇಳಿದರು. ಮುಂದಿನ ತಿಂಗಳುಗಳಲ್ಲಿ ಆ ಮನೆಯವರು ನಮ್ಮ ಮೇಲೆ ನಂಬಿಕೆ ಕಳೆದುಕೊಳ್ಳದಿರಲು ಆ ಹತ್ತು ನಿಮಿಷವೇ ಕಾರಣವೆಂದು ನಾನು ತಿಳಿದಿದ್ದೇನೆ.

ಅದೇ ಮಧ್ಯಾಹ್ನ ಸೊಸೆ ಶಾಲೆಯ ಕೆಲಸ ಮುಗಿಸಿ ಬಂದಳು. ಮಂಡಿಯ ಅಡಿಯಲ್ಲಿ ಎರಡು ದಿಂಬು ಕಂಡವಳೇ ವಾರ್ಡಿನ ಮಾವಶಿಯನ್ನು (ಆಯಾ) ಗದರಿಸಿ ಎರಡನ್ನೂ ತೆಗೆಸಿ, ಹಿಮ್ಮಡಿಯ ಅಡಿಗೆ ಟವೆಲ್ ಸುರುಳಿ ಇಟ್ಟಳು. ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ನರ್ಸ್‌ಗಳ ಪಾಳಿ ಬದಲಾಗುವ ಹೊತ್ತು. ಹೊಸದಾಗಿ ಬಂದವರಿಗೂ ಅದರಲ್ಲಿ ಅಸಹಜವೇನೂ ಕಾಣಲಿಲ್ಲ, ಎಲ್ಲ ಮಂಡಿ ರೋಗಿಗಳಿಗೂ ಹಾಗೆಯೇ ಇಡುವುದು ತಾನೇ. ಸಂಜೆ ಆರಕ್ಕೆ ನಾನು ಮರಳುವಾಗ ಜಗ್ಗಿಹೋದ ನರದ ಮೇಲೆ ಮಂಡಿ ಸುಮಾರು ಮೂರು ಗಂಟೆ ನೆಟ್ಟಗೆ ಚಾಚಿಕೊಂಡಿತ್ತು. ಆ ಮೂರು ಗಂಟೆಯಿಂದ ಎಷ್ಟು ಹಾನಿಯಾಯಿತು ಎಂದು ಅಳೆಯಲಾಗುವುದಿಲ್ಲ. ಆದರೆ ಸೊಸೆಗೆ ಅದನ್ನು ಕಲಿಸಿದವನು ನಾನು. ಇನ್ನೊಂದು ಕಾಲಿಗೆ ಇದು ಅನ್ವಯಿಸುವುದಿಲ್ಲ ಎಂದು ಹೇಳಲು ಆ ಬೆಳಿಗ್ಗೆ ಫೋನ್ ಮಾಡದಿದ್ದವನೂ ನಾನೇ. ಅಂದು ರಾತ್ರಿ ಮಂಚದ ತಲೆಯ ಕಡೆ ಒಂದು ಕಾಗದ ಅಂಟಿಸಿದೆ: ಬಲ ಮಂಡಿಯ ಅಡಿಯ ದಿಂಬು ತೆಗೆಯಬಾರದು. ಸೊಸೆಗೆ ಕನ್ನಡದಲ್ಲಿ, ಮಾವಶಿಗೆ ಮರಾಠಿಯಲ್ಲಿ, ನರ್ಸ್‌ಗೆ ಇಂಗ್ಲಿಷಿನಲ್ಲಿ.

ಮುಂದಿನ ತಿಂಗಳುಗಳು

ಪಾದ ಜೋತುಬೀಳದಂತೆ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟನ್ನು ಬೂಟಿನೊಳಗೆ ಹಾಕಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಯಾರು ಬೂಟು ಹಾಕಿಕೊಂಡು ಅಡುಗೆಮನೆಗೆ ಹೋಗುತ್ತಾರೆ? ಅಮ್ಮ ಅದನ್ನು ಬಾಗಿಲಲ್ಲೇ ಬಿಚ್ಚಿಟ್ಟು ಒಳಗೆಲ್ಲ ಬರಿಗಾಲಿನಲ್ಲಿ ಓಡಾಡುತ್ತಿದ್ದರು. ಹನ್ನೊಂದನೆಯ ದಿನ ಬಚ್ಚಲಿನ ಬಾಗಿಲ ಕಾಲೊರಸಿಗೆ ಬೆರಳು ಸಿಕ್ಕಿ ಮುಗ್ಗರಿಸಿದರು. ವಾಕರ್ ಇದ್ದುದರಿಂದ ಬೀಳಲಿಲ್ಲ. ಮನೆಯ ಕಾಲೊರಸುಗಳನ್ನೆಲ್ಲ ಎತ್ತಿಸಿ, ಒಳಗಿನ ಓಡಾಟಕ್ಕೆಂದೇ ಹೊರಗೆ ಮೆಟ್ಟದ ಹೊಸ ಸ್ಯಾಂಡಲ್ ತರಿಸಿ ಸ್ಪ್ಲಿಂಟನ್ನು ಅದಕ್ಕೆ ಹೊಂದಿಸಿದ ಮೇಲೆ ಒಪ್ಪಿದರು, ದೇವರ ಕೋಣೆಯ ಹೊಸ್ತಿಲಿನ ತನಕ ಮಾತ್ರ.

ನಿಜವಾದ ಇಕ್ಕಟ್ಟು ಬೇರೆಯಿತ್ತು. ಮಂಡಿಯನ್ನು ಮಡಿಸಿಟ್ಟರೆ ನರಕ್ಕೆ ಒಳ್ಳೆಯದು, ಆದರೆ ಹಾಗೆಯೇ ಬಿಟ್ಟರೆ ಹಳೆಯ ಬಿಗಿತ ಮರಳುತ್ತದೆ. ನೇರ ಮಾಡಿದರೆ ಮಂಡಿಗೆ ಒಳ್ಳೆಯದು, ನರಕ್ಕೆ ಕೆಟ್ಟದ್ದು. ಶಸ್ತ್ರಚಿಕಿತ್ಸಕರು ಮೂರು ವಾರ ಕಾಯೋಣ ಎಂದರು. ಎಡಗಾಲು ಒಂದೇ ವಾರದಲ್ಲಿ 5ರಿಂದ 12ಕ್ಕೆ ಹೋದದ್ದನ್ನು ಕಂಡ ನಾನು ಅಷ್ಟು ಕಾಯಲು ಒಪ್ಪಲಿಲ್ಲ. ಹತ್ತನೆಯ ದಿನದಿಂದ ನಿಧಾನವಾಗಿ ಚಾಚಿಸಲು ಆರಂಭಿಸುವುದು, ಪಾದದ ಮೇಲ್ಭಾಗದಲ್ಲಿ ಜುಮ್ಮೆನ್ನುವುದೋ ಉರಿಯೋ ಆರಂಭವಾದ ಕೋನದಲ್ಲಿ ನಿಲ್ಲಿಸುವುದು, ವಾರಕ್ಕೆ ಎರಡು ಮೂರು ಡಿಗ್ರಿಗಿಂತ ಹೆಚ್ಚು ಆಸೆಪಡದಿರುವುದು ಎಂಬಲ್ಲಿಗೆ ಮಾತು ನಿಂತಿತು. ಈ ನಡುದಾರಿಯ ಬೆಲೆಯನ್ನು ಮಂಡಿ ತೆತ್ತಿತು, ಅದನ್ನು ಮುಂದೆ ಹೇಳುತ್ತೇನೆ.

ನಾಲ್ಕು ವಾರಕ್ಕೆ ಮಾಡಿಸಿದ ನರದ ವಿದ್ಯುತ್ ಪರೀಕ್ಷೆಯಲ್ಲಿ ನರ ತುಂಡಾಗಿಲ್ಲ, ಪೆಟ್ಟು ತಿಂದಿದೆ ಎಂದು ಖಚಿತವಾಯಿತು. ಎರಡೂ ಪಾದಗಳ ನರಗಳು ಸಕ್ಕರೆ ಕಾಯಿಲೆಯಿಂದ ಮೊದಲೇ ಸೊರಗಿವೆ ಎಂಬುದೂ ಆಗಲೇ ತಿಳಿದದ್ದು. ಸೊರಗಿದ ನರ ಜಗ್ಗನ್ನು ಕಡಿಮೆ ತಾಳುತ್ತದೆ. ಆಪರೇಷನ್ನಿಗೆ ಮುಂಚೆ ಪಾದದ ಸ್ಪರ್ಶವನ್ನೋ ಬೆರಳಿನ ಬಲವನ್ನೋ ಯಾರೂ ಪರೀಕ್ಷಿಸಿ ಬರೆದಿಟ್ಟಿರಲಿಲ್ಲ. ಮಂಡಿ ರೋಗಿಯ ಪಾದವನ್ನು ನೋಡಬೇಕೆಂದು ನನಗೂ ತೋಚಿರಲಿಲ್ಲ.

ಏಳನೆಯ ವಾರ ಹೆಬ್ಬೆರಳು ಇನ್ನೂ ಸತ್ತಂತೆಯೇ ಇದ್ದಾಗ, ಹಿಮ್ಮಡಿಯ ಗಂಟಿನ ಮುಂದೆ ಚರ್ಮದ ಅಡಿಯಲ್ಲಿ ಸ್ನಾಯುರಜ್ಜು ಒಮ್ಮೆ ಹುರಿಗೊಂಡು ಇಳಿದದ್ದು ನನ್ನ ಬೆರಳಿಗೆ ತಾಕಿತು. ಕಣ್ಣಿಗೆ ಕಾಣುವಷ್ಟು ಚಲನೆಯಿರಲಿಲ್ಲ. ಅಮ್ಮನ ಕೈಹಿಡಿದು ಅವರ ಬೆರಳನ್ನೂ ಅದೇ ಜಾಗದಲ್ಲಿ ಇಟ್ಟು ಇನ್ನೊಮ್ಮೆ ಎತ್ತಿಸಿದೆ. ಐದು ತಿಂಗಳಿಗೆ ಪಾದ ತನ್ನ ಭಾರಕ್ಕೆ ವಿರುದ್ಧವಾಗಿ ಎದ್ದು, ನನ್ನ ಕೈಯ ಒತ್ತಡವನ್ನೂ ಸ್ವಲ್ಪ ತಡೆಯುವಂತಾಯಿತು, ಸ್ಪ್ಲಿಂಟ್ ಬಿಡಿಸಿದೆವು.

ಆ ದಿನಗಳಲ್ಲೇ ಒಮ್ಮೆ ಒಪ್ಪಿಗೆ ಪತ್ರದ ಮಾತು ಬಂತು. ಪಾದ ಜೋಲುಬೀಳುವ ಸಾಧ್ಯತೆಯನ್ನು ಶಸ್ತ್ರಚಿಕಿತ್ಸಕರು ಹೇಳಿದ್ದರು, ಪತ್ರದಲ್ಲೂ ಇತ್ತು, ಮಗ ಸಹಿ ಮಾಡಿದ್ದ. ಆದರೆ ಮಾತುಕತೆ ಹಿಂದಿ, ಇಂಗ್ಲಿಷಿನಲ್ಲಿ ನಡೆದಿತ್ತು, ಅಮ್ಮನಿಗೆ ಹೆದರಿಕೆಯಾದೀತು ಎಂದು ಮಗ ಅಷ್ಟನ್ನು ಬಿಟ್ಟು ಉಳಿದದ್ದನ್ನು ಕನ್ನಡದಲ್ಲಿ ಹೇಳಿದ್ದ. ಅಮ್ಮ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮೊದ್ಲೇ ಹೇಳಿದ್ರೆ ನಾನ್ ಬೇಡ ಅಂತಿರ್ಲಿಲ್ಲೆ. ಗೊತ್ತಿಲ್ದೆ ಆರೆ ಹೆದ್ರಿಕೆ ಆತ್ತ್ ಅಲ್ದಾ, ಡಾಕ್ಟ್ರೇ?"

ಈ ಪ್ರಕರಣದ ನಂತರ ಬದಲಾದದ್ದು

ಶಸ್ತ್ರಚಿಕಿತ್ಸಕರೊಡನೆ ಆಮೇಲೆ ಕುಳಿತು ಮಾತಾಡಿದಾಗ ಅವರು ಮುಚ್ಚುಮರೆ ಮಾಡಲಿಲ್ಲ. ಜಗ್ಗು, ಬಿಗಿ ಬ್ಯಾಂಡೇಜ್, ಮೊದಲೇ ಸೊರಗಿದ ನರ, ರಕ್ತ ಹರಿಯದಂತೆ ತೊಡೆಗೆ ಬಿಗಿದು ಕಟ್ಟಿದ ಟೂರ್ನಿಕೆ ಪಟ್ಟಿ, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಲಾಗದು. ಆದರೆ ಇಂಥ ಮಂಡಿ ಇನ್ನೊಮ್ಮೆ ಬಂದರೆ ವ್ಯಾಲ್ಗಸ್ ತೆಗೆದು, ಮಡಿಕೆಬಿಗಿತದಲ್ಲಿ ಸ್ವಲ್ಪವನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು, ಉಳಿದದ್ದನ್ನು ವಾರಗಳಲ್ಲಿ ವ್ಯಾಯಾಮದಿಂದ ತೆಗೆಯಲು ನೋಡುತ್ತೇನೆ, ಬ್ಯಾಂಡೇಜ್ ಕಟ್ಟುವಾಗಲೇ ಮಂಡಿಯನ್ನು ಮಡಿಸಿ ಇಡುತ್ತೇನೆ ಎಂದರು. ಮೇಜಿನ ಮೇಲೆ ಪೂರ್ತಿ ನೆಟ್ಟಗಾಗಬಲ್ಲ ಕಾಲನ್ನು ಸ್ವಲ್ಪ ಮಡಿಕೆಯಲ್ಲೇ ಬಿಟ್ಟುಬಿಡುವುದು ಸುಲಭವಲ್ಲ ಎಂದೂ ಸೇರಿಸಿದರು.

ನಮ್ಮ ವಾರ್ಡಿನಲ್ಲಿ ಈಗ ಬೆರಳು ಆಡುತ್ತಿವೆಯೇ ಎಂಬ ಕಾಲಂ ಇಲ್ಲ. ಅದರ ಬದಲು ಹೆಬ್ಬೆರಳು ಮೇಲಕ್ಕೆ ಏಳುತ್ತಿದೆಯೇ, ಮೊದಲ ಸಂದಿಯಲ್ಲಿ ಸ್ಪರ್ಶವಿದೆಯೇ ಎಂಬ ಎರಡು ಕಾಲಂಗಳಿವೆ. ಆಪರೇಷನ್ನಿನ ಹಿಂದಿನ ದಿನವೇ ಎರಡೂ ಪಾದಗಳಿಗೆ ಅದನ್ನು ತುಂಬಿಸುತ್ತೇವೆ, ಇಲ್ಲದಿದ್ದರೆ ಮರುದಿನದ ಕೊರತೆಯನ್ನು ಯಾವುದಕ್ಕೆ ಹೋಲಿಸುವುದು? ಮನೆಯವರಿಗೆ ಕೊಡುವ ಸೂಚನೆಯ ಕಾಗದದ ಮೇಲೆ ರೋಗಿಯ ಹೆಸರಿನ ಪಕ್ಕದಲ್ಲಿ ಯಾವ ಕಾಲು, ಯಾವ ಬಗೆಯ ಬಾಗು, ದಿಂಬು ಎಲ್ಲಿ ಎಂದು ಕೈಯಿಂದ ಬರೆಯುತ್ತೇನೆ. ಎರಡನೆಯ ಕಾಲಿನ ಸರದಿ ಬಂದಾಗ ಹಳೆಯ ಕಾಗದವನ್ನು ಕೇಳಿ ಪಡೆದು ಅವರೆದುರಿಗೇ ಹರಿಯುತ್ತೇನೆ. ಅತಿಯೆನಿಸಬಹುದು. ಆದರೆ ಇಂಥ ಮನೆಗಳಲ್ಲಿ ಮೊದಲ ಮಂಡಿಯ ಆರೈಕೆ ಮಾಡಿ ಪಳಗಿದವರ ಮಾತೇ ಎರಡನೆಯದಕ್ಕೂ ನಡೆಯುತ್ತದೆ. ಅಪಾಯಗಳನ್ನು ವಿವರಿಸುವಾಗ ರೋಗಿಯ ಭಾಷೆ ಬಲ್ಲವರೊಬ್ಬರು ಇರಲೇಬೇಕೆಂದು ನಾನು ಹಟ ಹಿಡಿಯುತ್ತೇನೆ. ಕನ್ನಡದವರಾದರೆ ನಾನೇ ಹೋಗಿ ಕೂರುತ್ತೇನೆ.

ಎರಡನೆಯ ಆಪರೇಷನ್ ಆಗಿ ಹದಿನಾಲ್ಕು ತಿಂಗಳಿಗೆ ಕೊನೆಯ ಸಲ ಅಳೆದಾಗ ಪೂರ್ತಿ ಚಾಚಿದಾಗಿನಿಂದ ಪೂರ್ತಿ ಮಡಿಸುವ ತನಕ ಎಡ ಮಂಡಿ 2ರಿಂದ 110 ಡಿಗ್ರಿ, ಬಲ ಮಂಡಿ 7ರಿಂದ 100 ಡಿಗ್ರಿ. ನಡುದಾರಿಗೆ ಮಂಡಿ ತೆತ್ತ ಬೆಲೆಯಾದ ಆ 7 ಡಿಗ್ರಿ ಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲ. ಹೆಬ್ಬೆರಳು ಏಳುತ್ತದೆ, ಆದರೆ ನಾನು ಒಂದು ಬೆರಳಿನಿಂದ ಒತ್ತಿದರೆ ಸೋಲುತ್ತದೆ. ಅಮ್ಮ ಮೂರು ಮಹಡಿಯ 54 ಮೆಟ್ಟಿಲುಗಳನ್ನು ಕಂಬಿ ಹಿಡಿದು ಒಬ್ಬರೇ ಇಳಿದು ಹತ್ತುತ್ತಾರೆ, ನಡುವೆ ಒಮ್ಮೆ ನಿಲ್ಲುತ್ತಾರೆ. ಮೆಟ್ಟುಕತ್ತಿಯನ್ನು ಸೊಸೆ ಊರಿಗೆ ಕಳಿಸಿಬಿಟ್ಟಿದ್ದಾಳೆ, ಈಗ ಮೇಜಿನ ಮುಂದೆ ನಿಂತು ಚಾಕುವಿನಿಂದ ಹೆಚ್ಚುತ್ತಾರೆ. ಬಲಗಾಲಿನ ಹವಾಯಿ ಚಪ್ಪಲಿ ನಡೆಯುವಾಗ ಜಾರಿ ಹಿಂದೆ ಉಳಿಯುತ್ತದೆಂದು ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಹಾಕುತ್ತಾರೆ. ದೇವಸ್ಥಾನದ ಹೊರಗೆ ಅದರ ಪಟ್ಟಿ ಬಿಚ್ಚಲು ಕೂರುವ ಜಾಗ ಹುಡುಕಬೇಕಾಗುತ್ತದೆ, ಕೂತು ಬಿಚ್ಚುವಷ್ಟರಲ್ಲಿ ಮಂಗಳಾರತಿ ಮುಗಿದಿರುತ್ತದೆ ಎಂಬುದು ಸದ್ಯಕ್ಕೆ ಅವರ ದೂರು.